ಮೊದಲ ದಿನದ ಮಾತು

ಮಾರ್ಚ್ ೪, ಬೆಳಿಗ್ಗೆ ೧೧

ಮೂರು ಮನೆಯ ರೋಗಿಗಳ ಆರೈಕೆ ಮುಗಿಸಿ ಬಂದೆ. ಬೆನ್ನು ಹಿಡಿದುಕೊಂಡಿದೆ. ನಾಳೆಯಿಂದ ನಾಲ್ಕನೆಯದು. ಏಡ್ಸ್, ಕೊನೆಯ ಹಂತ, ಮನೆಯಲ್ಲಿ ಮಗಳೊಬ್ಬಳೇ. ನಮ್ಮ ಬೀದಿಯ ಆರೈಕೆ ಗುಂಪಿನಲ್ಲಿ ಯಾರಿಗೂ ಬಿಡುವಿಲ್ಲ. ನರ್ಸಕ್ಕ ರೋಗಿಯ ಹಾಳೆ ಕೊಟ್ಟಳು. ಹೆಸರು ಓದಿದೆ. ಇನ್ನೊಮ್ಮೆ ಓದಿದೆ. ಅವನೇ. ನನ್ನ ಗಂಡ ಕೆಲಸಕ್ಕಿದ್ದ ಗಾರ್ಮೆಂಟ್ಸ್‌ನ ಸೂಪರ್‌ವೈಸರ್. ನನ್ನ ಗಂಡನಿಗೆ ಇದೇ ಕಾಯಿಲೆ ಎಂದು ಗೊತ್ತಾದ ದಿನ ಅವರ ಲೋಟಕ್ಕೆ ಕೆಂಪು ಬಣ್ಣ ಬಳಿದವನು. ಊಟಕ್ಕೆ ಅವರೊಬ್ಬರನ್ನೇ ಮೆಟ್ಟಿಲ ಕೆಳಗೆ ಕೂರಿಸಿದವನು. ಅವರು ಸಾಯುವವರೆಗೂ.

"ನಾನೇ ಹೋಗ್ತೀನಕ್ಕ" ಎಂದೆ.

"ನಿನ್ನಂಥೋರು ಹತ್ತು ಜನ ಇದ್ರೆ ಸಾಕು ಕಣೇ" ಅಂದಳು. ನಗು ಬಂತು.

ಮಾರ್ಚ್ ೫

ಮೂಳೆ ಚಕ್ಕಳ, ಅಷ್ಟೇ. ನನ್ನ ಗುರುತು ಸಿಕ್ಕಂತಿಲ್ಲ.

ಮೊದಲ ದಿನ ಮನೆಯವರಿಗೆ ಹೇಳಲೇಬೇಕಾದ ಮಾತೊಂದಿದೆ. ಮುಟ್ಟಿದರೆ ಬರುವುದಿಲ್ಲ, ಒಂದೇ ಲೋಟದಲ್ಲಿ ಕುಡಿದರೂ ಬರುವುದಿಲ್ಲ, ಪಕ್ಕದಲ್ಲಿ ಕೂರಿ, ಕೈ ಹಿಡಿಯಿರಿ... ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ.

ಮಗಳು ಬಾಗಿಲಲ್ಲೇ ನಿಂತಿದ್ದಳು. "ಮುಟ್ಟಬಹುದಾ ಆಂಟಿ?"

"ಹುಷಾರಾಗಿರು" ಎಂದೆ. ಅಷ್ಟೇ. ಹಾಳೆಯಲ್ಲಿ 'ಮನೆಯವರಿಗೆ ತಿಳಿಸಲಾಗಿದೆ' ಎಂಬುದರ ಮುಂದೆ ಟಿಕ್ ಹಾಕಿದೆ.

ಮಾರ್ಚ್ ೯

ಅವನಿಗೆ ಬೇರೆ ಲೋಟ ಬಂದಿದೆ. ನೇಲ್ ಪಾಲಿಶ್ ಗುರುತು. ಅದೂ ಕೆಂಪು! ನಾನೇನೂ ಹೇಳಿಕೊಟ್ಟಿಲ್ಲ. ಹೊಟ್ಟೆ ತಣ್ಣಗಾಯಿತು.

ಗ್ಲೌಸ್ ಹುಣ್ಣು ತೊಳೆಯುವಾಗ ಮಾತ್ರ ಬೇಕು. ನಾನು ತಲೆ ಬಾಚುವಾಗಲೂ ತೆಗೆಯುವುದಿಲ್ಲ. ಮಗಳು ನೋಡಲಿ. ಕೆಲಸದಲ್ಲಿ ಮಾತ್ರ ಚೂರೂ ಕಡಿಮೆ ಮಾಡಿಲ್ಲ — ಮಗ್ಗಲು ಬದಲಿಸುವುದು, ನೋವಿನ ಔಷಧಿ, ಎಲ್ಲ ಗಂಟೆ ಹೊಡೆದ ಹಾಗೆ. ಅವನು ಬೇಗ ಹೋಗಬಾರದು.

ಮಾರ್ಚ್ ೨೧, ಮಧ್ಯಾಹ್ನ ೩

ಬಾಯಿ ಬಿಟ್ಟ. "ನಿಮ್ಮೆಜಮಾನ್ರ ಲೋಟಕ್ಕೆ ಬಣ್ಣ ಹಚ್ಚಿದ್ದು ನಾನೇ... ಮೊದಲ ದಿನಾನೇ ನಿಮ್ಮ ಗುರುತು ಸಿಕ್ತಮ್ಮ."

ದಿಂಬು ಸರಿ ಮಾಡುತ್ತಲೇ ಇದ್ದೆ.

"ನನಗೇನಾದ್ರೂ ಆಗ್ಲಿ. ಮುಟ್ಟಿದ್ರೆ ಬರಲ್ಲ ಅಂತ ಮಗಳಿಗೆ ಹೇಳಿ. ನಾನು ಹೇಳಿದ್ರೆ ನಂಬಲ್ಲ. ಒಂದ್ಸಲ ಬಂದು ಕೈ ಹಿಡ್ಕೊಳ್ಳಲಿ."

"ನಾಳೆ ಹೇಳ್ತೀನಿ."

ಎಷ್ಟು ಸಿಹಿಯಾಗಿತ್ತು ಆ ಮಾತು! ನನ್ನ ಗಂಡನನ್ನು ಎಲ್ಲರ ಜೊತೆ ಊಟಕ್ಕೆ ಕೂರಿಸಿ ಎಂದು ನಾನು ಬೇಡಿಕೊಂಡಾಗ ಇವನೂ 'ನಾಳೆ ನೋಡೋಣ' ಎಂದಿದ್ದ.

ಮಾರ್ಚ್ ೨೨

ಹೇಳಲಿಲ್ಲ.

ಮಾರ್ಚ್ ೨೩

ಹೇಳಲಿಲ್ಲ. ಬಾಗಿಲನ್ನೇ ನೋಡುತ್ತಾನೆ.

ಮಾರ್ಚ್ ೨೬

ಬೆಳಿಗ್ಗೆ ಹೋಗುವಷ್ಟರಲ್ಲಿ ಮುಗಿದಿತ್ತು. ನರ್ಸಕ್ಕ ಬರಿಗೈಯಲ್ಲೇ ಅವನ ಕಣ್ಣು ಮುಚ್ಚಿ, ಕೆನ್ನೆ ಸವರಿದಳು. ಮಗಳು ಬಾಗಿಲಿಂದ ಆ ಕೈಯನ್ನೇ ನೋಡಿದಳು.

"ನೀವು ಗ್ಲೌಸ್ ಹಾಕ್ಕೊಂಡಿಲ್ವಲ್ಲ?"

"ಯಾಕೆ ಹಾಕ್ಕೋಬೇಕಮ್ಮ? ನೀನೂ ಬಾ."

"ಆಂಟಿ ಹೇಳಿದ ಹಾಗೆ ಹುಷಾರಾಗಿದ್ದೆ. ಒಂದ್ಸಲಾನೂ ಮುಟ್ಟಲಿಲ್ಲ. ನಿನ್ನೆ ಅಪ್ಪ ಕೈ ಚಾಚಿದ್ರು... ಹಿಂದಕ್ಕೆ ಸರಿದೆ."

ನರ್ಸಕ್ಕ ಚೀಲದಿಂದ ಹಾಳೆ ತೆಗೆದಳು. ನನ್ನ ಟಿಕ್ ನೋಡಿದಳು. ಆಮೇಲೆ ನನ್ನ ಕೈ — ಹೊರಗಿನಿಂದಲೇ ಗ್ಲೌಸ್ ಹಾಕಿಕೊಂಡು ಬಂದಿದ್ದೆ.

"ಏನೇ ಹೇಳಿದ್ದೆ ಈ ಹುಡುಗಿಗೆ?"

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಗ್ಲೌಸ್ ಕಳಚುತ್ತಾ, "ಹುಷಾರಾಗಿರು ಅಂತ. ಅಷ್ಟೇ" ಎಂದೆ.