ಗೋಡೆಯ ಎರಡನೇ ಗಡಿಯಾರ

ರೀ,

ಆಸ್ಪತ್ರೆಗೆ ಹೊರಟೆ, ಬೆಳಗಿನ ಪಾಳಿ. ಮಗಳನ್ನು ಕತ್ತಲಲ್ಲೇ ಎಬ್ಬಿಸಬೇಡಿ. ಕೇಕ್ ಫ್ರಿಜ್ಜಿನಲ್ಲಿದೆ, ಸಂಜೆಯವರೆಗೆ ಅದರ ತಂಟೆಗೆ ಹೋಗಬೇಡಿ.

ಈ ದೇಶಕ್ಕೆ ಬಂದಾಗಿನಿಂದ ಅವಳ ಹುಟ್ಟುಹಬ್ಬ ನಡೆಯುವುದು ಗೋಡೆಯ ಮೇಲೆ ನಮ್ಮೂರಿನ ಸಮಯಕ್ಕಿಟ್ಟ ಆ ಎರಡನೇ ಗಡಿಯಾರ ನೋಡಿಕೊಂಡು. ಅಲ್ಲಿ ನಿಮ್ಮಮ್ಮ ರಾತ್ರಿ ಊಟ ಮುಗಿಸಿ ಫೋನಿನ ಮುಂದೆ ಕೂತರೆ, ಇಲ್ಲಿ ಮಗು ಹಲ್ಲೂ ಉಜ್ಜದೆ ತೂಕಡಿಸುತ್ತ ಕೇಕ್ ಕತ್ತರಿಸಬೇಕು. ಹೋದ ವರ್ಷ ಕೇಳಿದಳಲ್ಲ, "ಅಮ್ಮಾ, ನನ್ನ ಫ್ರೆಂಡ್ಸ್ ಎಲ್ಲಾ ಎದ್ದಿರೋವಾಗ ನಂಗೆ ಹುಟ್ಟುಹಬ್ಬ ಬರೋದೇ ಇಲ್ವಾ?" ಅಂತ. ನೀವು ನಕ್ಕಿರಿ. ನನಗೆ ನಗು ಬರಲಿಲ್ಲ.

ಈ ಸಲ ಸಂಜೆಗೇ. ಬೀದಿಯ ಮಕ್ಕಳನ್ನೆಲ್ಲ ಕರೆದಾಗಿದೆ. ಮೇಲಿನ ಮನೆಯವರು ಕುರ್ಚಿ ಕೊಡುತ್ತಾರೆ, ಇಳಿಸಿ ತನ್ನಿ. ಅತ್ತೆಗೆ ನಿನ್ನೆ ನಾನೇ ಹೇಳಿದೆ. ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ. ಮೊಮ್ಮಗಳಿಗೋಸ್ಕರ ಒಂದು ದಿನ ಅವರೂ ಅಲ್ಲಿ ಬೆಳಿಗ್ಗೆ ಬೇಗ ಏಳಲಿ.

ಊರಿನ ಗಡಿಯಾರ ನಿಂತಿದೆಯೆಂದು ಗಾಬರಿಯಾಗಬೇಡಿ. ಅದರ ಸೆಲ್ಲನ್ನು ಮಗಳ ಆಟದ ರೈಲಿಗೆ ಹಾಕಿದ್ದೇನೆ, ಚೆನ್ನಾಗಿ ಓಡುತ್ತಿದೆ.

ಅಂಗಡಿಗೆ ಹೋದರೆ ಬಲೂನು ತನ್ನಿ. ಸೆಲ್ ತರಬೇಡಿ.