ಎಪ್ಪತ್ತೆರಡರ ಒಳಹೊಲಿಗೆ

ಅಕ್ಟೋಬರ್ 9, ಗುರುವಾರ

ಎರಡು ಸ್ಕೂಟರ್ ಸೀಟು, ಒಂದು ಹಲ್ಲಿನ ಡಾಕ್ಟರ ಕುರ್ಚಿ. ಕುರ್ಚಿಯ ರೆಕ್ಸಿನ್ ಹರಿದದ್ದು ಸರಿಯಾಗಿ ಕೈ ಇಡುವ ಜಾಗದಲ್ಲೇ. ಎಷ್ಟು ಜನ ಹೆದರಿ ಉಗುರು ಊರಿದ್ದಾರೋ! ಹೊಲಿಯುತ್ತಾ ಒಬ್ಬಳೇ ನಕ್ಕೆ.

ನಾಳೆಯಿಂದ ಇವರಿಗೆ ಮೂರು ದಿನ ರಜೆ. ಹದಿನಾರು ವರ್ಷದಿಂದ ಸಿಟಿ ಬಸ್ಸು ಓಡಿಸುತ್ತಿದ್ದಾರೆ, ಒಂದು ದಿನವೂ ನಲವತ್ತು ದಾಟಿಸಿದವರಲ್ಲ. ಟಿ.ವಿ.ಯಲ್ಲಿ ಬೈಕ್ ರೇಸ್ ಬಂದರೆ ಮಾತ್ರ ಸೋಫಾದ ಮೇಲೆ ಎಡಕ್ಕೂ ಬಲಕ್ಕೂ ವಾಲುತ್ತಾರೆ. ಈಗ ಆ ರೇಸು ನಮ್ಮೂರಿಗೇ ಬಂದಿದೆ. ಮೂರು ಟಿಕೆಟ್ — ಇವರಿಗೆ, ಮಾವನಿಗೆ, ನನಗೆ. ಜೊತೆಗೆ ಒಂದೇ ಒಂದು ಪಿಟ್ ಪಾಸು. ಭಾನುವಾರ ಬೆಳಗ್ಗೆ ಅರ್ಧ ಗಂಟೆ, ಬೈಕು ಇಟ್ಟಿರುವ ಗ್ಯಾರೇಜುಗಳ ಮುಂದೆ ಓಡಾಡಬಹುದಂತೆ. ಎಂಟು ತಿಂಗಳ ಹಿಂದೆ ಹೆಸರು ಬರೆಸಿ ಕಾದ ಪಾಸು. ಊಟಕ್ಕೆ ಕೂತರೂ ಕೊರಳಲ್ಲೇ.

"ರೀ, ಸ್ನಾನಕ್ಕಾದ್ರೂ ತೆಗೀರಿ."

"ನೆನೆಯಲ್ಲ ಕಣೇ. ಪ್ಲಾಸ್ಟಿಕ್ಕು."

ಹುಚ್ಚಿಗೂ ಒಂದು ಮಿತಿ ಬೇಡವೇ? ನನಗೆ ಯಾಕಾದರೂ ಟಿಕೆಟ್ ತೆಗೆದರೋ.

ಅಕ್ಟೋಬರ್ 11, ಶನಿವಾರ, ಬೆಳಗ್ಗೆ 8.30

ನಿನ್ನೆ ಬರೆಯಲು ಆಗಲಿಲ್ಲ. ಸಂಜೆ ಆರಕ್ಕೆ ಅಂಗಡಿ ಮುಚ್ಚುತ್ತಿದ್ದೆ. ಮೈಯೆಲ್ಲ ಗ್ರೀಸಿನ ಮೆಕ್ಯಾನಿಕ್ ಒಬ್ಬ ಓಡಿ ಬಂದ. ತೋಳಿನ ಮೇಲೆ ತೊಗಲಿನ ದೊಡ್ಡ ಉಡುಪು, ಬೆನ್ನಿನ ಮೇಲೆ 72. ರೇಸಿನ ಪ್ರಾಕ್ಟೀಸಿನಲ್ಲಿ ಬಿದ್ದದ್ದಂತೆ. ಬಲ ಭುಜದ ಹೊಲಿಗೆ ಪೂರ್ತಿ ಬಾಯಿ ಬಿಟ್ಟಿತ್ತು.

"ಅಕ್ಕಾ, ಬೆಳಗ್ಗೆಯೊಳಗೆ ಆಗ್ಲೇಬೇಕು. ಅವರ ಹತ್ರ ಇನ್ನೊಂದು ಸೂಟ್ ಇಲ್ಲ."

"ನಾನು ಸೀಟು ಹೊಲಿಯೋಳಪ್ಪ."

"ಸೀಟೂ ತೊಗಲೇ ತಾನೇ?"

ಉಡುಪು ಇಸಕೊಂಡೆ. ಅವರು, ಅವರಿಗೆ ಎಂದು ಮೆಕ್ಯಾನಿಕ್ ಹೇಳುತ್ತಲೇ ಇದ್ದ. ಉಡುಪು ಮೇಜಿನ ಮೇಲೆ ಹರಡಿದ ಕೂಡಲೇ ಗೊತ್ತಾಯಿತು — ಸೊಂಟದ ಕಟಿಂಗ್ ಸುಳ್ಳು ಹೇಳುವುದಿಲ್ಲ. ಹೆಂಗಸು! ಇವರನ್ನು ಕೇಳಿದರೆ, "ಹೌದು, ನಿಂಗೆ ಗೊತ್ತಿಲ್ವಾ? ಎಪ್ಪತ್ತೆರಡು!" ಎಂದರು. ನಂಬರೇ ಹೆಸರು ಎನ್ನುವ ಹಾಗೆ. ಸೂಟನ್ನು ಮುಟ್ಟಲು ಬಂದರು. ಕೈ ತೊಳೆದು ಬನ್ನಿ ಎಂದೆ. ನಿಜವಾಗಲೂ ತೊಳೆದು ಬಂದರು.

ಎಂಥ ತೊಗಲು! ಭುಜದ ಮೇಲೆ ರಸ್ತೆ ಉಜ್ಜಿ ಉಜ್ಜಿ ಗಾಜಿನ ಹಾಗೆ ನುಣುಪಾಗಿದೆ. ಆ ವೇಗಕ್ಕೂ ಆ ಮೈಗೂ ನಡುವೆ ಇರುವುದು ಇಷ್ಟೇ ದಪ್ಪ. ಕೈ ಸವರಿದರೆ ಮೈ ಜುಮ್ಮೆಂದಿತು.

ತೊಗಲು ಜರುಗದಿರಲೆಂದು ಹಳೆಯ ತೂತುಗಳಲ್ಲೇ ಬಿಳಿ ಹತ್ತಿ ದಾರದ ಕಚ್ಚಾ ಹೊಲಿಗೆ ಹಾಕಿಕೊಂಡೆ. ಕರಿ ನೈಲಾನ್ ಎರಡು ಬಾಬಿನ್ ತುಂಬಿಸಿದೆ. ಒಂದು ಒಳಹೊಲಿಗೆಗೆ, ಒಂದು ಮೇಲ್ಹೊಲಿಗೆಗೆ. ಅಷ್ಟರಲ್ಲಿ ಮಾವನ ಕಿವಿಯ ಮಿಶನ್ ಕಳೆದುಹೋಯಿತು. ಮನೆಯೆಲ್ಲ ಹುಡುಕಿ, ಕೊನೆಗೆ ಸಕ್ಕರೆ ಡಬ್ಬಿಯ ಹಿಂದೆ ಸಿಕ್ಕಿತು. ಬಂದು ಮುಗಿಸಿದೆ. ಮೇಲ್ಹೊಲಿಗೆ ಗೀಟು ಎಳೆದ ಹಾಗೆ ಬಂದಿದೆ. ಈಗ ತಾನೇ ಮೆಕ್ಯಾನಿಕ್ ಒಯ್ದ. "ಕಂಪನಿದಕ್ಕಿಂತ ಚೆನ್ನಾಗಿದೆ ಅಕ್ಕಾ." ನನಗೂ ಹೆಮ್ಮೆಯೇ.

ಅದೇ ದಿನ, ಸಂಜೆ

ಹೇಗೆ ಬರೆಯುವುದು?

ಸದ್ದು ಕಿವಿಗೆ ಬರುವುದಿಲ್ಲ. ಎದೆಗೂಡಿಗೆ ಬರುತ್ತದೆ. ಮೊದಲ ಬೈಕು ಹೋದಾಗ ನಾನು ಕೂಗಿಕೊಂಡೆನಂತೆ, ಇವರು ಹೇಳಿದರು. ನೋಡಲು ತಲೆ ತಿರುಗಿಸುವಷ್ಟರಲ್ಲಿ ಇಲ್ಲ! ಮೂರು ಸುತ್ತಾದ ಮೇಲೆ ಕಣ್ಣು ಪಳಗಿತು. ತಿರುವಿನಲ್ಲಿ ಬೈಕು ಮಲಗುತ್ತದೆ, ಮಂಡಿ ನೆಲ ಮುಟ್ಟುತ್ತದೆ, ಮೊಣಕೈ ಮುಟ್ಟುತ್ತದೆ. ಬೀಳುವುದಕ್ಕೂ ಬೀಳದೆ ಇರುವುದಕ್ಕೂ ನಡುವೆ ಒಂದು ಜಾಗ ಇದೆ, ಇವರೆಲ್ಲ ಅಲ್ಲೇ ಇರುತ್ತಾರೆ. ಬಿಟ್ಟ ಬಾಯಿ ಬಿಟ್ಟ ಹಾಗೇ ಇದ್ದೆ.

ಮಾವ ಮೂವತ್ತೈದು ವರ್ಷ ಲೇತ್ ಮಿಶನ್ ಮುಂದೆ ನಿಂತು ಕಿವಿ ಕಳೆದುಕೊಂಡವರು. ಇವತ್ತು ಕಿವಿಯಿಂದ ಮಿಶನ್ ಕಿತ್ತು ಜೇಬಿಗೆ ಹಾಕಿದರು. ಕಬ್ಬಿಣದ ಕಂಬಿಯ ಮೇಲೆ ಅಂಗೈ ಊರಿ ಕೂತರು. "ಕೇಳ್ತಿದೆ ಅಮ್ಮಾ," ಎಂದರು. "ಹದಿನೈದು ವರ್ಷ ಆದ್ಮೇಲೆ ಒಂದು ಸದ್ದು ನೆಟ್ಟಗೆ ಕೇಳ್ತಿದೆ." ಕಣ್ಣಲ್ಲಿ ನೀರು. ನಾನೂ ಅತ್ತೆ.

ಎಪ್ಪತ್ತೆರಡು ಬಂದಳು. ನನ್ನ ಭುಜ! ಪಕ್ಕದ ಅಪರಿಚಿತ ಹೆಂಗಸಿಗೆ ಹೇಳಿಯೇಬಿಟ್ಟೆ — ನೋಡಿ, ಆ ಬಲ ಭುಜ ನಾನು ಹೊಲಿದದ್ದು. ಆಕೆ ನನಗೆ ಬಿಸ್ಕತ್ತು ಕೊಟ್ಟಳು.

ಅಕ್ಟೋಬರ್ 12, ಭಾನುವಾರ, 10.25, ಗ್ಯಾಲರಿ

ಸುಮ್ಮನೆ ಕೂರಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಒಂಬತ್ತು ಗಂಟೆಗೆ ಮಾವನ ಅಂಗಿಯ ಗುಂಡಿ ಕಿತ್ತು ಬಂತು. ಸೂಜಿ ಡಬ್ಬಿ ಯಾವಾಗಲೂ ನನ್ನ ಚೀಲದಲ್ಲೇ. ತೆರೆದೆ. ಒಳಗೆ ಬಾಬಿನ್. ಕರಿ ನೈಲಾನ್. ತುಂಬಿದ ಬಾಬಿನ್.

ಎರಡು ತುಂಬಿಸಿದ್ದೆ. ಒಂದು ಖರ್ಚಾಗಿದೆ. ಶುಕ್ರವಾರ ಮಾವನ ಕಿವಿಯ ಮಿಶನ್ ಹುಡುಕಲು ಎದ್ದಾಗ ಇದು ಉರುಳದಿರಲಿ ಎಂದು ಡಬ್ಬಿಗೆ ಹಾಕಿದ್ದೇನೆ. ವಾಪಸು ಬಂದು ನೋಡಿದರೆ ತೊಗಲು ಜೋಡಿಸಿಯೇ ಇದೆ. ಒಳಹೊಲಿಗೆ ಆಯಿತು ಎಂದುಕೊಂಡು ಮೇಲ್ಹೊಲಿಗೆಗೆ ಹೋಗಿದ್ದೇನೆ. ಮೇಲ್ಹೊಲಿಗೆ ಬರೀ ಅಂದಕ್ಕೆ. ಎರಡು ತೊಗಲನ್ನು ಹಿಡಿದಿಟ್ಟಿರುವುದು ಕಚ್ಚಾ ದಾರ! ಎಳೆದರೆ ಹಲ್ಲಲ್ಲಿ ಹರಿಯುವ ಹತ್ತಿ ದಾರ. ನಿನ್ನೆ ಅದನ್ನೇ ತೊಟ್ಟು ಓಡಿಸಿದ್ದಾಳೆ, ನಾನು ಬಿಸ್ಕತ್ತು ತಿನ್ನುತ್ತಾ ಜಂಬ ಕೊಚ್ಚಿದ್ದೇನೆ.

ಮೆಕ್ಯಾನಿಕ್‌ಗೆ ಐದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಆ ಗದ್ದಲದಲ್ಲಿ ಕೇಳುವುದಾದರೂ ಹೇಗೆ? ಇವರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಇವರು ಕೊರಳಿಂದ ಪಾಸು ತೆಗೆದರು. ನನ್ನ ಕೊರಳಿಗೆ ಹಾಕಿದರು.

"ರೀ... ನಿಮ್ಮ ಅರ್ಧ ಗಂಟೆ..."

"ಒಳಗೆ ಹೋಗ್ತಿದ್ದ ಹಾಗೆ ಎಡಕ್ಕೆ ತಿರುಗು. ಒಂಬತ್ತನೇ ಶಟರ್. ಓಡು!"

ಒಮ್ಮೆಯೂ ಒಳಗೆ ಹೋಗಿಲ್ಲ, ಶಟರ್ ನಂಬರು ಬಾಯಿಪಾಠ.

ಓಡಿದೆ. ಈ ಮೊಣಕಾಲು ಇಟ್ಟುಕೊಂಡು. ಒಂಬತ್ತನೇ ಶಟರ್ ಮುಂದೆ ಹಗ್ಗ, ಹಗ್ಗದಾಚೆ ಆಕೆ. ಸ್ಟೂಲಿನ ಮೇಲೆ ಬಾಳೆಹಣ್ಣು ತಿನ್ನುತ್ತಿದ್ದಳು. ನನ್ನ ಭುಜದಷ್ಟು ಎತ್ತರ. ಮೂವತ್ತು ಮೂವತ್ತೆರಡು ಇರಬೇಕು. ಗಲ್ಲದ ಮೇಲೆ ಹಳೆ ಗಾಯದ ಗೆರೆ.

"ಆ ಸೂಟ್ ಹಾಕ್ಬೇಡಮ್ಮಾ. ಹೊಲಿದಿದ್ದು ನಾನೇ. ಒಳಗೆ ಹೊಲಿಗೆ ಇಲ್ಲ."

ಮೆಕ್ಯಾನಿಕ್‌ನ ಮುಖ ಬಿಳಿಚಿಕೊಂಡಿತು. ಆಕೆ ಸಿಪ್ಪೆ ಕೆಳಗಿಟ್ಟಳು. "ನೀವು ಬಂದು ಹೇಳದೇ ಇದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಬಿದ್ರೆ ನಿಂಗೆ ಗೊತ್ತಾಗ್ತಿತ್ತಲ್ಲ ತಾಯಿ."

ಆಕೆ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಗಡಿಯಾರ ನೋಡಿದಳು. "ಇಪ್ಪತ್ತೆರಡು ನಿಮಿಷ. ಎಷ್ಟಾಗುತ್ತೋ ಅಷ್ಟು ಹೊಲೀರಿ ಅಕ್ಕಾ."

ಅದೇ ಬಾಬಿನ್ ದಾರ, ಎರಡು ಸೂಜಿ. ಮೇಲ್ಹೊಲಿಗೆಯ ತೂತಿನಿಂದ ತೂತಿಗೆ ಹಾಯಿಸಿ ಎರಡೂ ತೊಗಲನ್ನು ಬಿಗಿದೆ. ಸೂಜಿ ಎಳೆಯಲು ಮೆಕ್ಯಾನಿಕ್‌ನ ಇಕ್ಕಳ. ನೋಡಲು ಗೋಣಿಚೀಲದ ಬಾಯಿ ಹೊಲಿದ ಹಾಗಿದೆ. ಇರಲಿ. ಕತ್ತಿನ ಕಡೆಯಿಂದ ತೋಳಿನ ಕಡೆಗೆ ಒಂದೂವರೆ ಗೇಣು. ಬೆರಳು ಕೊಯ್ದುಕೊಂಡೆ, ಒರೆಸಿಕೊಂಡು ಹೊಲಿದೆ. ಇನ್ನೂ ನಾಲ್ಕು ಬೆರಳಷ್ಟು ಹೊಲಿಗೆ ಉಳಿದಿತ್ತು. ಕೂಗಿದರು. ಟೈಮು.

"ಇನ್ನು ಎರಡು ನಿಮಿಷ—"

"ಗಂಟು ಹಾಕಿ ಅಕ್ಕಾ. ನಾಲ್ಕು ಬೆರಳು ತಾನೇ? ಬಲಕ್ಕೆ ಬೀಳಲ್ಲ ಬಿಡಿ."

ಮೂರು ಗಂಟು ಹಾಕಿದೆ. ಮೆಕ್ಯಾನಿಕ್ ಅದರ ಮೇಲೆ ಟೇಪ್ ಅಂಟಿಸಿದ. ಆಕೆ ಹೋದಳು.

ಈಗ ಎಲ್ಲ ಬೈಕುಗಳೂ ಸಾಲಾಗಿ ನಿಂತಿವೆ. ಸಾವಿರಾರು ಜನ ಒಟ್ಟಿಗೆ ಮಾತು ನಿಲ್ಲಿಸಿದರು. ಇಷ್ಟು ಜನರ ಮೌನವನ್ನು ಹಿಂದೆಂದೂ ಕೇಳಿಲ್ಲ. ಕೆಂಪು ದೀಪ ಹತ್ತಿತು. ನಾಲ್ಕು ಬೆರಳು. ದೇವರೇ, ನಾಲ್ಕೇ ಬೆರಳು.

ಅದೇ ದಿನ, ಸಂಜೆ 6

ಹನ್ನೊಂದನೇ ಸುತ್ತು. ಐದನೆಯವಳಾಗಿದ್ದಳು. ಒಬ್ಬೊಬ್ಬರನ್ನೇ ದಾಟಿ ಬರುತ್ತಿದ್ದರೆ ಇವರು ಎದ್ದು ನಿಂತು, ಬಸ್ಸಿನ ಸ್ಟೇರಿಂಗ್ ಹಿಡಿದವರ ಹಾಗೆ ಕೈ ತಿರುಗಿಸುತ್ತಿದ್ದರು. ನಾನೂ ಮರೆತಿದ್ದೆ. ನಿಜ ಹೇಳುತ್ತೇನೆ, ಭುಜ ಹೊಲಿಗೆ ಎಲ್ಲ ಮರೆತು ಕೂಗುತ್ತಿದ್ದೆ. ನಲವತ್ತೇಳು ವರ್ಷದಲ್ಲಿ ಇಷ್ಟು ಚೆಂದದ್ದನ್ನು ನಾನು ಕಂಡಿಲ್ಲ.

ನಮ್ಮ ಮುಂದಿನ ತಿರುವಿನಲ್ಲೇ ಹಿಂದಿನ ಚಕ್ರ ಜಾರಿತು.

ಬಲಕ್ಕೆ.

ಬೈಕು ಒಂದು ಕಡೆ, ಆಕೆ ಒಂದು ಕಡೆ. ಬಲ ಭುಜದ ಮೇಲೆ ಜಾರುತ್ತಾ ಜಾರುತ್ತಾ ಹೋದಳು. ನಿಲ್ಲುವುದೇ ಇಲ್ಲ ಎನಿಸಿತು. ಜಲ್ಲಿಯಲ್ಲಿ ಎರಡು ಸಲ ಉರುಳಿದಳು. ಇವರ ಕೈ ಯಾವಾಗ ಹಿಡಿದೆನೋ ಗೊತ್ತಿಲ್ಲ, ಉಗುರಿನ ಗುರುತು ಈಗಲೂ ಇದೆ. ಹಲ್ಲಿನ ಡಾಕ್ಟರ ಕುರ್ಚಿ ನೋಡಿ ನಕ್ಕವಳು ನಾನು.

ಎದ್ದಳು. ಮೊದಲು ಮಂಡಿಯ ಮೇಲೆ. ಆಮೇಲೆ ನೆಟ್ಟಗೆ. ಎಡಗೈಯಿಂದ ಬಲ ಭುಜ ಮುಟ್ಟಿ ನೋಡಿಕೊಂಡಳು. ಕೈ ಎತ್ತಿದಳು. ಗ್ಯಾಲರಿಯೆಲ್ಲ ಎದ್ದು ನಿಂತಿತು. ಗೆದ್ದವರಿಗೂ ಅಷ್ಟು ಚಪ್ಪಾಳೆ ಬೀಳಲಿಲ್ಲ. ನಾನೊಬ್ಬಳೇ ಕೂತಿದ್ದೆ.

ಐದು ಗಂಟೆಗೆ ಮೆಕ್ಯಾನಿಕ್ ಫೋನು. "ಮೂಳೆ ಎಲ್ಲ ಸರಿಯಾಗಿದೆ ಅಕ್ಕಾ. ಆ ನಾಲ್ಕು ಬೆರಳು ಪೂರ್ತಿ ಬಿಚ್ಚಿದೆ. ಅಲ್ಲಿ ಚರ್ಮ ತರಚಿದೆ. ನಿಮ್ಮ ಗಂಟಿನ ತನಕ ಬಂದಿದೆ... ಗಂಟಲ್ಲಿ ನಿಂತಿದೆ."

ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಮನಸಾರೆ ಅತ್ತೆ.

ಅಕ್ಟೋಬರ್ 13, ಸೋಮವಾರ

ಇವರು ಡ್ಯೂಟಿಗೆ ಹೋದರು. ಪಾಸು ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದಾರೆ. ಬೂಟಿನ ಲೇಸ್ ಕಟ್ಟುತ್ತಾ, ತಲೆ ಎತ್ತದೆ ಕೇಳಿದರು:

"ಹತ್ರದಿಂದ ಹೆಂಗಿತ್ತೇ, ಬೈಕು?"

ಬೈಕು ಮಾರು ದೂರದಲ್ಲಿ ನಿಂತಿತ್ತು. ನೋಡಲೇ ಇಲ್ಲ. ಹೊಲಿಗೆ ಬಿಟ್ಟು ಬೇರೇನೂ ನೋಡಲಿಲ್ಲ ಎಂದೆ.

"ಬಣ್ಣನಾದ್ರೂ?"

"...ಇಲ್ಲ ರೀ."

"ಹೋಗ್ಲಿ ಬಿಡು. ನೀನು ನೋಡೋದನ್ನ ನೋಡಿದ್ಯಲ್ಲ." ನಕ್ಕರು. ನಕ್ಕರೂ ಮುಖ ಸಣ್ಣದಾಗಿತ್ತು. ಎಂಟು ತಿಂಗಳು ಕಾದ ಅರ್ಧ ಗಂಟೆಯನ್ನು ನಾನು ಕಣ್ಣು ಮುಚ್ಚಿಕೊಂಡು ಕಳೆದ ಹಾಗಾಯಿತು.

ಅಕ್ಟೋಬರ್ 18, ಶನಿವಾರ, ಸಂಜೆ 5.40

ನಾಲ್ಕು ದಿನ ಏನೂ ಬರೆಯಲಿಲ್ಲ. ಸೀಟು, ಸೀಟು, ಸೀಟು. ಈಗ ಪ್ರತಿ ಹೊಲಿಗೆ ಮುಗಿಸಿ ಬಾಬಿನ್ ಎಣಿಸುತ್ತೇನೆ. ಮಾವ ದಿನಾ ಹೊಲಿಗೆ ಮಿಶನ್ ಮೇಲೆ ಅಂಗೈ ಊರಿ ಕೂರುತ್ತಾರೆ. "ಇದೂ ಕೇಳ್ತಿದೆ, ಸ್ವಲ್ಪ ಸ್ವಲ್ಪ."

ಅರ್ಧ ಗಂಟೆಯ ಹಿಂದೆ ಅಂಗಡಿ ಮುಂದೆ ವ್ಯಾನು ನಿಂತಿತು. ಸೂಟು ಬಂತು. ತಂದದ್ದು ಮೆಕ್ಯಾನಿಕ್ ಅಲ್ಲ, ಎಪ್ಪತ್ತೆರಡೇ.

"ಊರು ಬಿಡೋಕೆ ಮುಂಚೆ ಉಳಿದ ನಾಲ್ಕು ಬೆರಳು ಹೊಲಿಸ್ಕೊಂಡು ಹೋಗೋಣ ಅಂತ ಬಂದೆ."

ಗೋಣಿಚೀಲದ ಹೊಲಿಗೆ ಬಿಚ್ಚಿ ಹೊಸದಾಗಿ ಹಾಕಿಕೊಡುತ್ತೇನೆ ಎಂದೆ. ಬೇಡವಂತೆ, ಅದು ಹಾಗೇ ಇರಲಂತೆ. ಹೊಲಿಯುತ್ತಾ ಎಲ್ಲ ಹೇಳಿಬಿಟ್ಟೆ. ಪಾಸು ಯಾರದು, ಎಷ್ಟು ದಿನ ಕಾದದ್ದು, ಬಣ್ಣ ಕೇಳಿದ್ದು. ಆಕೆ ಕೇಳಿದಳು, "ಅವರು ಎಷ್ಟೊತ್ತಿಗೆ ಬರ್ತಾರೆ?" ಡ್ಯೂಟಿ ಮುಗಿಸಿ ಐದು ಮುಕ್ಕಾಲಿಗೆ ಎಂದೆ. ಹೊರಗೆ ಹೋಗಿ ವ್ಯಾನಿನ ಹಿಂಬಾಗಿಲು ತೆಗೆದಳು. ವ್ಯಾನಿನಲ್ಲೇ ಕೂತಿದ್ದ ಮೆಕ್ಯಾನಿಕ್‌ನೊಂದಿಗೆ ಸೇರಿ ಹಲಗೆ ಹಾಕಿ ಬೈಕು ಇಳಿಸಿ ಒಳಗೆ ತಂದಳು. ಬಿದ್ದ ಗೀರು ಇನ್ನೂ ಹಾಗೇ ಇದೆ. ಅಂಗಡಿಯ ನಡುವೆ, ಸ್ಕೂಟರ್ ಸೀಟುಗಳ ಪಕ್ಕದಲ್ಲಿ ನಿಂತಿದೆ. ಈ ಸಲ ನೋಡಿದೆ, ಕಣ್ತುಂಬ ನೋಡಿದೆ. ನೀಲಿ. ಕಡು ನೀಲಿ. ಟ್ಯಾಂಕಿನ ಹತ್ತಿರ ಒಂದು ಹಳದಿ ಗೆರೆ. ಮಾವ ಆಗಲೇ ಅಂಗೈ ಊರಿದ್ದಾರೆ. ಆಕೆ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಾ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು.

ಹೊರಗೆ ಇವರ ಕೆಮ್ಮು. ವ್ಯಾನು ಯಾರದು ಎಂದು ಗೊಣಗುತ್ತಿದ್ದಾರೆ. ಇನ್ನೂ ಒಳಗೆ ನೋಡಿಲ್ಲ. ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಾರೆ. ಒಂದಾಯಿತು. ಎರಡನೆಯದರ ಲೇಸು ಸಿಕ್ಕಾಗಿದೆ, ಬಯ್ದುಕೊಳ್ಳುತ್ತಿದ್ದಾರೆ. ಬಂತು... ಎದ್ದರು. ಇವರು ಈಗ ಒಳಗೆ ಕಾಲಿಟ್ಟು ಬೈಕು ನೋಡಿ—