ನಿಂತ ಮಗ್ಗದ ಮುಂದೆ

ಸೊಸೆ ಅನ್ನಪೂರ್ಣಾ,

ಇಂದು ಸೋಮವಾರ, ಒಪ್ಪತ್ತು. ಕಸ ಗುಡಿಸಿ, ನೀರು ತುಂಬಿ, ಪೂಜೆ ಮುಗಿಸುವಷ್ಟರಲ್ಲೇ ಸಾಕಾಯಿತು. ನಿನ್ನ ಮಗ್ಗ ನೀನು ಬಿಟ್ಟುಹೋದಂತೆಯೇ ಇದೆ.

ಪಕ್ಕದ ಮನೆಯ ನಿಲೋಫರ ನಮ್ಮ ಕಟ್ಟೆಯ ಮೇಲೆ ಕುಳಿತು ಇಂಗ್ಲಿಷ್ ಓದುತ್ತಿದ್ದಳು. ಐಡಲ್ ಎಂಬ ಒಂದೇ ಶಬ್ದಕ್ಕೆ ಸೋಮಾರಿ, ಕೆಲಸವಿಲ್ಲದ, ಸುಮ್ಮನಿರುವ, ನಿಂತುಹೋದ ಎಂದು ಎಷ್ಟೋ ಅರ್ಥ ಹೇಳಿದಳು. ಆಮೇಲೆ, "ದೊಡ್ಡವ್ವ, ಕೂಸು ಹೋದಮ್ಯಾಲೆ ಅನ್ನಪೂರ್ಣಕ್ಕ ಮಗ್ಗದ ಮುಂದ ಸುಮ್ನ ಕುಂದರ್ತಿದ್ಲಲ್ರಿ, ಇದ್ರಾಗ ಅದು ಯಾವುದ್ರಿ?" ಎಂದಳು.

ಮೂರು ತಿಂಗಳು ನಿನ್ನನ್ನು ಮೈಗಳ್ಳಿ ಎಂದೇ ಕರೆದವಳು ನಾನು.

ನಾಳೆ ಮಗ ಈರೇಶ ಹೊಳೆಆಲೂರಿಗೆ, ನಿನ್ನ ತವರಿಗೆ ಬರುತ್ತಾನೆ. ಈ ಕಾಗದವನ್ನು ಅವನ ಕೈಗೆ ಕೊಡಲು ನನಗೆ ಮುಖವಿಲ್ಲ. ನೀನು ನನ್ನ ಬಗ್ಗೆ ಏನಾದರೂ ಅಂದರೆ, ಬೈದರೂ ಸರಿ, ಅದನ್ನು ನನಗೆ ತಂದು ಹೇಳು ಎಂದಷ್ಟೇ ಅವನಿಗೆ ಹೇಳಿದ್ದೇನೆ.